ಸೆಪ್ಟೆಂಬರ್ ಸಂಡೂರು, ಜನವರಿ ಸಂಡೂರು

ಸಂಡೂರಿಗೆ ಹೊಸಬರು ಬಂದರೆ ಊರಿನವರು ಒಂದು ಮಾತು ಹೇಳದೆ ಕಳಿಸುವುದಿಲ್ಲ. 1934ರಲ್ಲಿ ಗಾಂಧೀಜಿ ಇಲ್ಲಿಗೆ ಬಂದಿದ್ದರಂತೆ, ಸಂಡೂರನ್ನು ನೋಡುವುದಿದ್ದರೆ ಸೆಪ್ಟೆಂಬರ್‌ನಲ್ಲಿ ನೋಡಬೇಕು ಅಂದಿದ್ದರಂತೆ. ಪ್ರವಾಸಿ ಕೈಪಿಡಿಗಳಿಂದ ಹಿಡಿದು ವೇದಿಕೆ ಭಾಷಣಗಳವರೆಗೆ ಈ ಮಾತು ಓಡಾಡಿಕೊಂಡಿದೆ. ಅದರಲ್ಲಿ ತಪ್ಪೇನಿಲ್ಲ. ಹುಬ್ಬೆ, ಉತ್ತರೆ ಮಳೆ ಬಿದ್ದು ಹೋದ ಮೇಲೆ ಸುತ್ತಲ ಬೆಟ್ಟಗಳು ಹಸಿರಾಗಿ, ನಾರಿಹಳ್ಳಕ್ಕೆ ನೀರು ಬಂದು, ಆಕಾಶ ತೊಳೆದಿಟ್ಟಂತಾಗಿ, ಬಳ್ಳಾರಿ ಜಿಲ್ಲೆಯಲ್ಲಿ ಇಂಥ ಜಾಗವೂ ಉಂಟೇ ಎಂದು ಬಂದವರು ಬೆರಗಾಗುತ್ತಾರೆ.

ಆದರೆ ಸೆಪ್ಟೆಂಬರ್ ಬರುವುದು ವರ್ಷಕ್ಕೊಮ್ಮೆ. ಇದೇ ಊರನ್ನು ಜನವರಿಯ ಬೆಳಗ್ಗೆ ಆರೂವರೆಗೆ ಬೆಟ್ಟದ ರಸ್ತೆಯ ತಿರುವಿನಿಂದ ನೋಡಿದರೆ ಮನೆಗಳ ಮೇಲೆ ಬೂದು ಬಣ್ಣದ ಒಂದು ಪದರ ಮಲಗಿರುತ್ತದೆ. ಅದರ ಮೇಲ್ಮೈ ಎಷ್ಟು ಸಪಾಟಾಗಿರುತ್ತದೆಂದರೆ, ಯಾರೋ ಅಳತೆಪಟ್ಟಿ ಇಟ್ಟು ಗೆರೆ ಎಳೆದಿದ್ದಾರೆ ಅನ್ನಬೇಕು. ಗೆರೆಯ ಮೇಲೆ ಬೆಟ್ಟದ ನೆತ್ತಿಗಳು ನಿಚ್ಚಳ, ಕೆಳಗೆ ಊರು ಮಸುಕು. ಏಪ್ರಿಲ್ ಮಧ್ಯಾಹ್ನಕ್ಕೆ ಬಂದರೆ ಆ ಪದರ ಇಲ್ಲವೇ ಇಲ್ಲ. ಅದರ ಬದಲಿಗೆ ರಸ್ತೆಯುದ್ದಕ್ಕೂ ಕೆಂಪು ದೂಳು ಎದ್ದು ಕೂತು ಎದ್ದು ಕೂತು ಮಾಡುತ್ತಿರುತ್ತದೆ.

ಸಂಡೂರಿನ ಗಾಳಿಯ ಮಾತು ಬಂದ ಕೂಡಲೇ ಎಲ್ಲರ ಬೆರಳೂ ಗಣಿಗಳ ಕಡೆ ತಿರುಗುತ್ತದೆ. ತಿರುಗಬೇಕಾದದ್ದೇ. ಆದರೆ ಅಷ್ಟಕ್ಕೇ ಮಾತು ನಿಲ್ಲಿಸಿದರೆ ಅರ್ಧ ಕಥೆ ಬಿಟ್ಟುಹೋಗುತ್ತದೆ. ಗಾಳಿಗೆ ಎಷ್ಟು ದೂಳು, ಎಷ್ಟು ಹೊಗೆ ಸೇರುತ್ತದೆ ಎನ್ನುವುದು ಮನುಷ್ಯರ ಕೈಲಿದೆ. ಸೇರಿದ್ದು ಎಲ್ಲಿಗೆ ಹೋಗುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ, ಯಾರ ಮೂಗಿಗೆ ಬರುತ್ತದೆ ಎನ್ನುವುದನ್ನು ಬೆಟ್ಟ, ಬಿಸಿಲು, ಮಳೆ, ಗಾಳಿಯ ದಿಕ್ಕು ಇವು ನಾಲ್ಕೂ ಸೇರಿ ತೀರ್ಮಾನಿಸುತ್ತವೆ. ಈ ನಾಲ್ಕನ್ನೂ ಲೆಕ್ಕಕ್ಕೆ ಹಿಡಿಯದ ಸರ್ಕಾರಿ ಸರಾಸರಿಗಳು ಊರಿನ ಅತಿ ಕೆಟ್ಟ ಗಂಟೆಗಳನ್ನು ಮುಚ್ಚಿಹಾಕುತ್ತಿವೆ.

ಎರಡು ಗೋಡೆ, ಕೆಲವು ಗಂಡಿ

ನಕಾಶೆ ತೆಗೆದು ನೋಡಿ. ವಾಯವ್ಯದಿಂದ ಆಗ್ನೇಯಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಎರಡು ಬೆಟ್ಟಸಾಲು, ನಡುವೆ ಕಣಿವೆ. ಊರಿನ ನೆಲ ಸಮುದ್ರಮಟ್ಟದಿಂದ ಸುಮಾರು 565 ಮೀಟರ್ ಎತ್ತರದಲ್ಲಿದೆ. ಬ್ರಿಟಿಷ್ ಸೈನಿಕರು ಬೇಸಿಗೆ ಕಳೆಯುತ್ತಿದ್ದ ರಾಮಗಡ ಹೆಚ್ಚುಕಡಿಮೆ ಸಾವಿರ ಮೀಟರ್. ಅಂದರೆ ಕಣಿವೆಯ ಗೋಡೆ ನಾನೂರು ಮೀಟರಿನಷ್ಟು. ಹಿಮಾಲಯದವರು ಇದನ್ನು ಬೆಟ್ಟವೆಂದೂ ಕರೆಯಲಿಕ್ಕಿಲ್ಲ, ಆದರೆ ಗಾಳಿಯನ್ನು ಕಟ್ಟಿಹಾಕಲು ಇಷ್ಟು ಧಾರಾಳ ಸಾಕು. ಗೋಡೆ ಒಡೆದಿರುವುದು ಕೆಲವೇ ಕಡೆ. ನಾರಿಹಳ್ಳ ಕೊರೆದ ಓಬಳಗಂಡಿ, ಭೀಮಗಂಡಿ ಅವುಗಳಲ್ಲಿ ಹೆಸರುವಾಸಿ. ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವೊಂದು ಸುತ್ತಲೂ ಮದರಾಸು ಪ್ರಾಂತ್ಯವನ್ನಿಟ್ಟುಕೊಂಡು 1949ರವರೆಗೂ ಉಳಿದುಕೊಂಡದ್ದರ ಹಿಂದೆ ಈ ಗೋಡೆಗಳ ಪಾಲೂ ಇದ್ದೀತು. ಅರಸರಿಗೆ ರಕ್ಷಣೆಯಾಗಿದ್ದ ಬೆಟ್ಟವೇ ಈಗ ಹೊಗೆಗೂ ರಕ್ಷಣೆ.

ಬೆಟ್ಟಸಾಲಿನ ದಿಕ್ಕನ್ನು ಇನ್ನೊಮ್ಮೆ ಗಮನಿಸಬೇಕು. ಮುಂಗಾರಿನ ಗಾಳಿ ಬೀಸುವುದು ಪಶ್ಚಿಮ, ನೈಋತ್ಯದಿಂದ. ಹಿಂಗಾರು ಮತ್ತು ಚಳಿಗಾಲದ ಗಾಳಿ ಪೂರ್ವ, ಈಶಾನ್ಯದಿಂದ. ಬೆಟ್ಟಸಾಲು ಎರಡಕ್ಕೂ ಹೆಚ್ಚುಕಡಿಮೆ ಅಡ್ಡ ಬಿದ್ದಿದೆ. ಕಣಿವೆ ಗಾಳಿಯ ದಿಕ್ಕಿಗೇ ತೆರೆದುಕೊಂಡಿದ್ದರೆ ಗಾಳಿ ಒಂದು ಬಾಯಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಿದ್ದು, ಕಸ ಗುಡಿಸಿಕೊಂಡು ಹೋಗುತ್ತಿತ್ತು. ಇಲ್ಲಿ ಹಾಗಾಗುವುದಿಲ್ಲ. ಗಾಳಿ ಜೋರಾಗಿದ್ದರೆ ಬೆಟ್ಟ ಹತ್ತಿ ಇಳಿಯುತ್ತದೆ. ಮೆಲ್ಲಗಿದ್ದರೆ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ, ಕೆಳಗಿನ ಗಾಳಿ ಕೆಳಗೇ ಉಳಿಯುತ್ತದೆ.

ಇನ್ನು ಬೆಟ್ಟದ ಒಳಗಿನದ್ದು. ಸುಮಾರು 270 ಕೋಟಿ ವರ್ಷ ಹಳೆಯ ಶಿಲೆಗಳು, ಅವುಗಳಲ್ಲಿ ಪಟ್ಟೆಪಟ್ಟೆಯಾಗಿ ಕಬ್ಬಿಣದ ಅದಿರು, ಕೆಲವೆಡೆ ಮ್ಯಾಂಗನೀಸ್. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1895ರಲ್ಲೇ ಬಳ್ಳಾರಿ ಜಿಲ್ಲೆಯ ಶಿಲೆಗಳ ಮೇಲೆ ವಿವರವಾದ ವರದಿ ಪ್ರಕಟಿಸಿದ್ದರು. ದೋಣಿಮಲೆಯಲ್ಲಿ ಎನ್‌ಎಂಡಿಸಿ 1977ರಿಂದ ಅದಿರು ತೆಗೆಯುತ್ತಿದೆ. 2000ದ ದಶಕದಲ್ಲಿ ಚೀನಾ ಅದಿರಿಗಾಗಿ ಬಾಯಿ ತೆರೆದು ಕೂತಾಗ ನಡೆದದ್ದನ್ನು ಕರ್ನಾಟಕದವರಿಗೆ ಮತ್ತೆ ಹೇಳಬೇಕಾಗಿಲ್ಲ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ 2008 ಮತ್ತು 2011ರ ವರದಿಗಳು, ಬೇಲೆಕೇರಿ ಬಂದರು, ಮುಖ್ಯಮಂತ್ರಿಯ ರಾಜೀನಾಮೆ ಎಲ್ಲವೂ ನೆನಪಿನಲ್ಲಿವೆ. ಆ ಕಥೆಯ ರಾಜಕೀಯವನ್ನು ಬಿಟ್ಟು ದೂಳನ್ನಷ್ಟೇ ಹಿಡಿದು ಹೊರಟರೂ ಈ ಪುಟ ಸಾಲದು.

ಮುಚ್ಚಳ ಬೀಳುವ ಹೊತ್ತು

ನವೆಂಬರ್ ಕಳೆಯುತ್ತಿದ್ದಂತೆ ಮೋಡ ಚದುರುತ್ತದೆ, ಗಾಳಿ ಸತ್ತುಹೋಗುತ್ತದೆ. ಆಕಾಶ ತಿಳಿಯಾಗಿದ್ದಷ್ಟೂ ರಾತ್ರಿ ನೆಲ ತನ್ನ ಶಾಖವನ್ನು ಬೇಗ ಬಿಟ್ಟುಕೊಡುತ್ತದೆ. ಬೆಟ್ಟದ ಇಳಿಜಾರಿಗೆ ತಾಗಿದ ಗಾಳಿ ತಣ್ಣಗಾಗಿ, ಭಾರವಾಗಿ, ಹಳ್ಳದ ನೀರು ಹರಿಯುವ ಹಾದಿಯಲ್ಲೇ ಕೆಳಗಿಳಿಯುತ್ತದೆ. ರಾತ್ರಿಯಿಡೀ ಹೀಗೆ ಇಳಿದ ತಣ್ಣನೆ ಗಾಳಿ ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಮಾಮೂಲಾಗಿ ಮೇಲೆ ಹೋದಂತೆ ತಂಪು ಹೆಚ್ಚಬೇಕು. ಇಲ್ಲಿ ತಳದಲ್ಲಿ ಚಳಿ, ಮೇಲೆ ಬೆಚ್ಚಗೆ. ಬೆಳಗಿನ ಜಾವ ಬೈಕಿನಲ್ಲಿ ಬೆಟ್ಟದಿಂದ ಊರಿಗೆ ಇಳಿಯುವವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದು ತಿರುವು ದಾಟಿದೊಡನೆ ಕಿವಿಗೆ ಚಳಿ ಕಚ್ಚುತ್ತದೆ. ಹವಾಮಾನ ಶಾಸ್ತ್ರದಲ್ಲಿ ಇದಕ್ಕೆ ಉಷ್ಣತೆಯ ವಿಲೋಮ ಎನ್ನುತ್ತಾರೆ. ಕೆಲಸ ಮಾತ್ರ ಪಾತ್ರೆಯ ಮುಚ್ಚಳದ್ದು. ತಳದ ಭಾರದ ಗಾಳಿ ಮೇಲಿನ ಬೆಚ್ಚನೆ ಪದರವನ್ನು ದಾಟಿ ಏಳಲಾರದು, ಅದರೊಳಗೆ ಸೇರಿದ ಹೊಗೆಯೂ ಏಳಲಾರದು.

ಈ ಮುಚ್ಚಳ ಎಷ್ಟು ಎತ್ತರದಲ್ಲಿದೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಒಳನಾಡಿನಲ್ಲಿ ಬೇಸಿಗೆಯ ಮಧ್ಯಾಹ್ನ ನೆಲದ ಗಾಳಿ ಎರಡು ಮೂರು ಕಿಲೋಮೀಟರ್ ಎತ್ತರದವರೆಗೂ ಕಲೆಸಿಹೋಗುತ್ತದೆ. ಚಳಿಗಾಲದ ಬೆಳಗಿನ ಜಾವ ಈ ಕಲೆಸಾಟ ನೂರಿನ್ನೂರು ಮೀಟರಿಗೇ ನಿಲ್ಲಬಹುದು. ಮೂರು ಸಾವಿರ ಮೀಟರಿನಲ್ಲಿ ಹರಡುತ್ತಿದ್ದ ಹೊಗೆ ನೂರೈವತ್ತು ಮೀಟರಿನೊಳಗೆ ಉಳಿದರೆ ಲೆಕ್ಕ ಸರಳ: ಒಂದು ಉಸಿರಿಗೆ ಇಪ್ಪತ್ತು ಪಟ್ಟು. ಗಣಿ ಒಂದು ಬುಟ್ಟಿ ಅದಿರನ್ನೂ ಹೆಚ್ಚು ತೆಗೆದಿಲ್ಲ, ಲಾರಿ ಒಂದೂ ಹೆಚ್ಚಿಲ್ಲ, ಒಲೆಗಳೂ ಅಷ್ಟೇ ಇವೆ. ಬದಲಾದದ್ದು ಋತು ಮಾತ್ರ.

ಈ ಪದರದೊಳಗೆ ಏನಿದೆ ಎಂದು ಕೆದಕಿದರೆ ಗಣಿಯವರಷ್ಟೇ ಅಲ್ಲ, ನಾವೂ ಸಿಕ್ಕಿಬೀಳುತ್ತೇವೆ. ಉಜ್ವಲಾ ಯೋಜನೆ ಶುರುವಾದದ್ದು 2016ರಲ್ಲಿ. ಗ್ಯಾಸ್ ಸಿಲಿಂಡರ್ ಈಗ ಬಹಳ ಮನೆಗಳಲ್ಲಿದೆ. ಆದರೆ ಸಿಲಿಂಡರ್ ಇರುವುದು ಅಡುಗೆಗೆ, ಸ್ನಾನದ ನೀರಿಗಲ್ಲ. ಹಿತ್ತಲಿನ ನೀರೊಲೆಗೆ ಇವತ್ತಿಗೂ ಸೌದೆ, ತೆಂಗಿನ ಗರಿ, ಹತ್ತಿಕಟ್ಟಿಗೆ, ಮೆಕ್ಕೆಜೋಳದ ದಂಟು. ಒಲೆ ಹೊತ್ತಿಸುವ ಸಮಯ ಬೆಳಗ್ಗೆ ಐದೂವರೆಯಿಂದ ಏಳೂವರೆ, ಅಂದರೆ ಮುಚ್ಚಳ ಅತಿ ಕೆಳಗಿರುವ ಹೊತ್ತು. ಚಳಿ ಎಂದು ಬೀದಿಬದಿಯಲ್ಲಿ ಹಾಕುವ ಬೆಂಕಿಗೆ ರಟ್ಟು, ಪ್ಲಾಸ್ಟಿಕ್, ಕೆಲವೊಮ್ಮೆ ಸವೆದ ಟೈರು. ಬಸ್ ನಿಲ್ದಾಣದ ಬಳಿ ಗುಡಿಸಿದ ಕಸದ ರಾಶಿಗೂ ಕಡ್ಡಿ ಗೀರುವುದು ಆಗಲೇ. ಇವೆಲ್ಲದರ ಹೊಗೆ ಅತಿ ಸಣ್ಣ ಕಣಗಳದು, ಎರಡೂವರೆ ಮೈಕ್ರಾನಿಗಿಂತ ಚಿಕ್ಕವು, ಶ್ವಾಸಕೋಶದ ತಳದವರೆಗೂ ಇಳಿಯಬಲ್ಲವು. ಇದಕ್ಕೆ ರಾತ್ರಿ ಪಾಳಿಯ ಟಿಪ್ಪರುಗಳ ಡೀಸೆಲ್ ಹೊಗೆ ಸೇರುತ್ತದೆ. ಕೆಂಪು ದೂಳು ಕಣ್ಣಿಗೆ ಕಾಣುತ್ತದೆ, ಅದಕ್ಕೇ ಜನ ಬೈಯುತ್ತಾರೆ. ಬೂದು ಹೊಗೆ ಮನೆಯದು, ಅದನ್ನು ಬೈಯುವವರಿಲ್ಲ.

ಸೂರ್ಯ ಹುಟ್ಟಿದ ಕೂಡಲೇ ಎಲ್ಲ ಸರಿಹೋಗುತ್ತದೆ ಎಂದುಕೊಂಡರೆ ಅಲ್ಲೊಂದು ತಿರುವಿದೆ. ಎತ್ತರದಿಂದ ಬಿಟ್ಟ ಹೊಗೆ ರಾತ್ರಿ ನೆಲಕ್ಕೆ ಇಳಿಯದೆ ಮೇಲಿನ ಪದರದಲ್ಲಿ ತೇಲಿಕೊಂಡಿರುತ್ತದೆ. ಬಿಸಿಲೇರಿ ನೆಲ ಕಾದು ಗಾಳಿ ಕಲೆಸತೊಡಗಿದಾಗ ಆ ಹೊಗೆ ಒಮ್ಮೆಲೇ ಕೆಳಗೆ ಬರುತ್ತದೆ. ಹಾಗಾಗಿ ಎಂಟು, ಒಂಬತ್ತರ ಸುಮಾರಿಗೆ, ಬಿಸಿಲು ಬಂತು ಅನ್ನುವ ಹೊತ್ತಿಗೇ ಗಾಳಿ ಇನ್ನಷ್ಟು ಕೆಡುವುದುಂಟು. ಮುಚ್ಚಳ ಪೂರ್ತಿ ಒಡೆಯುವುದು ಅದಾದ ಮೇಲೆ. ಪೂರ್ವದ ಬೆಟ್ಟದ ನೆರಳಿನಲ್ಲಿರುವ ಕೇರಿಗಳಿಗೆ ಬಿಸಿಲು ತಡವಾಗಿ ತಾಗುತ್ತದೆ, ಬಿಡುಗಡೆಯೂ ತಡ.

ಕಣಿವೆ ಮನುಷ್ಯರನ್ನು ಕೊಲ್ಲಬಲ್ಲದು ಎಂದು ಜಗತ್ತಿಗೆ ಗೊತ್ತಾದದ್ದೂ ಚಿಕ್ಕ ಊರುಗಳಿಂದಲೇ. 1930ರ ಡಿಸೆಂಬರ್ ಮೊದಲ ವಾರ ಬೆಲ್ಜಿಯಂನ ಮ್ಯೂಸ್ ನದಿ ಕಣಿವೆಯಲ್ಲಿ ಕಾರ್ಖಾನೆಗಳ ಹೊಗೆ ಮಂಜಿನ ಕೆಳಗೆ ಸಿಕ್ಕಿಕೊಂಡು ಸುಮಾರು 60 ಮಂದಿ ಸತ್ತರು. 1948ರ ಅಕ್ಟೋಬರ್ ಕೊನೆಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಡೊನೋರಾ ಎಂಬ ಊರಿನಲ್ಲಿ ಅದೇ ಆಯಿತು. ಸುಮಾರು 14 ಸಾವಿರ ಜನರ ಊರು, ನದಿಯ ತಿರುವಿನಲ್ಲಿ, ಸುತ್ತ ಗುಡ್ಡ, ತಳದಲ್ಲಿ ಸತು ಮತ್ತು ಉಕ್ಕಿನ ಕಾರ್ಖಾನೆ. ಐದು ದಿನ ಮುಚ್ಚಳ ಸರಿಯಲಿಲ್ಲ. ಇಪ್ಪತ್ತು ಜನ ಸತ್ತರು, ಸಾವಿರಾರು ಜನ ಹಾಸಿಗೆ ಹಿಡಿದರು. ಮಳೆ ಬಂದ ಮೇಲೆ ಗಾಳಿ ತಿಳಿಯಾಯಿತು. ಆ ಕಾರ್ಖಾನೆಗಳು ಅದಕ್ಕೂ ಹಿಂದೆ ವರ್ಷಗಟ್ಟಲೆ ಅಷ್ಟೇ ಹೊಗೆ ಬಿಡುತ್ತಿದ್ದವು ಎನ್ನುವುದನ್ನು ಮರೆಯಬಾರದು. ಸಂಡೂರು ಡೊನೋರಾ ಅಲ್ಲ. ಇಲ್ಲಿನ ಬಿಸಿಲಿಗೆ ಮುಚ್ಚಳ ಪ್ರತಿದಿನ ಒಡೆಯುತ್ತದೆ, ಅದು ನಮ್ಮ ಪುಣ್ಯ. ಆದರೆ ಪ್ರತಿ ಬೆಳಗ್ಗೆ ಮತ್ತೆ ಬಂದು ಕೂರುತ್ತದೆ.

ಏಪ್ರಿಲ್‌ನ ಕೆಂಪು

ಬೇಸಿಗೆಯ ಕಥೆ ತದ್ವಿರುದ್ಧ. ಆಕಾಶ ಎತ್ತರಕ್ಕೆ ತೆರೆದುಕೊಂಡಿರುತ್ತದೆ, ಒಲೆಯ ಹೊಗೆ ಹತ್ತಿದ ಹಾಗೇ ಮಾಯ. ಆಗ ಕಾಟ ಕೊಡುವುದು ನೆಲ.

ಅದಿರು ರಸ್ತೆಯ ಅಂಚಿನಲ್ಲಿ ಕೂತು ನೋಡಿದರೆ ದೂಳಿನ ವ್ಯಾಕರಣ ಅರ್ಥವಾಗುತ್ತದೆ. ಲೋಡಾದ ಲಾರಿಗೆ ಟಾರ್ಪಾಲು ಹೊದಿಸಿರುತ್ತಾರೆ, ನಿಯಮ ಇರುವುದೇ ಹಾಗೆ. ಆದರೆ ಏಳುವ ದೂಳಿನ ಬಹುಭಾಗ ಮೇಲಿನ ಲೋಡಿನಿಂದಲ್ಲ, ಚಕ್ರದ ಕೆಳಗಿನಿಂದ. ಗಣಿಯಿಂದ ಹೊರಬರುವಾಗ ಟೈರಿಗೆ ಮೆತ್ತಿದ ಮಣ್ಣು ಡಾಂಬರಿನ ಮೇಲೆ ಉದುರುತ್ತದೆ, ಒಣಗುತ್ತದೆ, ಮುಂದಿನ ಲಾರಿ ಅದನ್ನು ಅರೆಯುತ್ತದೆ, ಅದರ ಮುಂದಿನದು ಎಬ್ಬಿಸುತ್ತದೆ. ಖಾಲಿ ಲಾರಿ ವೇಗವಾಗಿ ಬರುವುದರಿಂದ ಇನ್ನೂ ಹೆಚ್ಚು ಎಬ್ಬಿಸುತ್ತದೆ. ಟ್ಯಾಂಕರ್ ಬಂದು ನೀರು ಚಿಮುಕಿಸಿ ಹೋದರೆ ಏಪ್ರಿಲ್ ಬಿಸಿಲಿಗೆ ಆ ತೇವ ನಿಲ್ಲುವುದು ಅರ್ಧ, ಮುಕ್ಕಾಲು ಗಂಟೆ. ನೀರು ಒಣಗಿದ ಮೇಲೆ ಉಳಿಯುವುದು ಇನ್ನೂ ನುಣುಪಾದ ಪುಡಿ.

ಕಬ್ಬಿಣದ ಅದಿರಿನ ಕಣ ನೀರಿಗಿಂತ ಐದು ಪಟ್ಟು ಭಾರ, ಮಾಮೂಲಿ ಮಣ್ಣಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಅದಕ್ಕೇ ದಪ್ಪ ಕಣಗಳು ದೂರ ಹೋಗುವುದಿಲ್ಲ. ಐವತ್ತು ಮೈಕ್ರಾನಿನ ಕಣವೊಂದು ಹತ್ತು ಮೀಟರ್ ಎತ್ತರದಿಂದ ಅರ್ಧ ನಿಮಿಷದೊಳಗೆ ನೆಲ ಸೇರುತ್ತದೆ. ರಸ್ತೆ ಪಕ್ಕದ ಮೊದಲ ಸಾಲಿನ ಬೇವಿನಮರ ಬುಡದಿಂದ ತುದಿಯವರೆಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿ, ಅದರ ಹಿಂದಿನ ಹೊಲದ ಇನ್ನೊಂದು ಬದಿಯ ಮರ ಹಸಿರಾಗೇ ಉಳಿಯುವುದು ಇದೇ ಕಾರಣಕ್ಕೆ. ಹೊಲದ ಬೆಳೆಯ ಎಲೆ ಹಿಡಿದು ಹೆಬ್ಬೆರಳಿನಿಂದ ಒರೆಸಿದರೆ ಬೆರಳಚ್ಚಿನ ಗೆರೆಗಳಲ್ಲಿ ಕೆಂಪು ಕೂರುತ್ತದೆ, ಒಗೆದರೂ ಬೇಗ ಹೋಗದು. ಎಲೆಯ ಉಸಿರುಗಂಡಿ ಮುಚ್ಚಿದರೆ ಬೆಳೆ ಸೊರಗುತ್ತದೆ. ರಸ್ತೆಬದಿ ಹೊಲದ ಹತ್ತಿಗೂ ಮೆಣಸಿನಕಾಯಿಗೂ ಮಾರುಕಟ್ಟೆಯಲ್ಲಿ ದರ ಇಳಿಯುವುದು ಬಣ್ಣ ನೋಡಿಯೇ. ಆದರೆ ಎರಡೂವರೆ ಮೈಕ್ರಾನಿನ ಅದಿರು ಕಣ ಅದೇ ಹತ್ತು ಮೀಟರ್ ಇಳಿಯಲು ಸ್ತಬ್ಧ ಗಾಳಿಯಲ್ಲೂ ಎರಡು ಮೂರು ಗಂಟೆ ಬೇಕು. ಬೇಸಿಗೆಯ ಗಾಳಿ ಸ್ತಬ್ಧವಾಗಿರುವುದಿಲ್ಲ. ಕಣ್ಣಿಗೆ ಕಾಣುವ ದೂಳು ರಸ್ತೆಬದಿಯ ರೈತನದ್ದು, ಕಾಣದ್ದು ಊರಿನವರೆಲ್ಲರದ್ದು.

ಅದಿರಿಗಿಂತ ಅದರ ಜೊತೆಗಿರುವ ಕಲ್ಲು ಹೆಚ್ಚು ಅಪಾಯಕಾರಿ ಎನ್ನುವುದು ಈ ಚರ್ಚೆಗಳಲ್ಲಿ ಮರೆತುಹೋಗುತ್ತದೆ. ಬರೀ ಕಬ್ಬಿಣದ ದೂಳು ಶ್ವಾಸಕೋಶದಲ್ಲಿ ಕೂತರೆ ಎಕ್ಸ್‌ರೇಯಲ್ಲಿ ಕಾಣುತ್ತದೆ, ಆದರೆ ಅಂಗಾಂಶವನ್ನು ಅಷ್ಟಾಗಿ ಗಟ್ಟಿ ಮಾಡುವುದಿಲ್ಲ. ಪಟ್ಟೆಶಿಲೆಯಲ್ಲಿ ಅದಿರಿನ ಜೊತೆ ಬರುವ ಬೆಣಚು ಹಾಗಲ್ಲ. ಅದು ಸಿಲಿಕಾ, ಸಿಲಿಕೋಸಿಸ್ ತರುವಂಥದ್ದು. ಹಾಗಾಗಿ ಕ್ರಷರ್ ಪಕ್ಕದಲ್ಲಿ ದುಡಿಯುವವರ ದೂಳಿಗೂ ಪೇಟೆಯ ಅಂಗಡಿಯವರ ದೂಳಿಗೂ ಒಂದೇ ತೂಕದ ಲೆಕ್ಕ ಹಾಕಿದರೆ ಅನ್ಯಾಯವಾಗುತ್ತದೆ.

ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಅಡ್ಡಮಳೆ ಬರುವ ಸಂಜೆಗಳಲ್ಲಿ ಮಳೆಗಿಂತ ಮೊದಲು ಅದರ ಗಾಳಿ ಬರುತ್ತದೆ. ಗುಡುಗುಮೋಡದಿಂದ ಕೆಳಗೆ ನುಗ್ಗಿದ ತಂಪು ಗಾಳಿ ನೆಲಕ್ಕೆ ಬಡಿದು ಹರಡಿ, ಸ್ಟಾಕ್ ಯಾರ್ಡಿನ ಪುಡಿ ಅದಿರನ್ನೆಲ್ಲ ಎತ್ತಿಕೊಂಡು ಹೊರಡುತ್ತದೆ. ಹತ್ತು ನಿಮಿಷ ಊರು ಕಾಣುವುದಿಲ್ಲ. ಆಮೇಲೆ ದಪ್ಪ ಹನಿ. ಮೊದಲ ಹನಿಗಳು ಬಿಳಿ ಬಟ್ಟೆಯ ಮೇಲೆ ಬಿದ್ದರೆ ಕಲೆ ಖಾತ್ರಿ. ಕಿಟಕಿ ಮುಚ್ಚುವುದರಲ್ಲೂ ಒಣಗಿದ ಬಟ್ಟೆ ಎತ್ತಿಕೊಳ್ಳುವುದರಲ್ಲೂ ಈ ಕಣಿವೆಯ ಹೆಂಗಸರಷ್ಟು ಚುರುಕಿನವರನ್ನು ನಾನು ಬೇರೆಡೆ ಕಂಡಿಲ್ಲ.

ಮಳೆ ತೊಳೆಯುವುದು, ತೊಳೆಯದೆ ಬಿಡುವುದು

ಮುಂಗಾರು ಎಂದರೆ ಶುದ್ಧ ಗಾಳಿ ಎನ್ನುವುದು ಕರಾವಳಿಯವರ ಅನುಭವ. ಬಳ್ಳಾರಿ ಸೀಮೆ ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ಜೂನ್, ಜುಲೈನಲ್ಲಿ ಇಲ್ಲಿಗೆ ಬರುವುದು ಮಳೆಗಿಂತ ಗಾಳಿಯೇ ಹೆಚ್ಚು. ಸುತ್ತಲಿನ ಬಯಲಿಗಿಂತ ಬೆಟ್ಟಗಳಿಗೆ ಒಂದಿಷ್ಟು ಹೆಚ್ಚು ಮಳೆಯಾದರೂ ಕಣಿವೆ ಪೂರ್ತಿ ನೆನೆಯುವುದು ಆಗಸ್ಟ್ ಕೊನೆಯ ಮೇಲೆ. ಗಾಂಧೀಜಿ ಹೆಸರಿನಲ್ಲಿ ಓಡಾಡುವ ಮಾತಿನ ಹಿಂದಿರುವ ಹವಾಮಾನ ಇಷ್ಟೇ: ಬಳ್ಳಾರಿಯ ಮಳೆಯ ತಿಂಗಳು ಸೆಪ್ಟೆಂಬರ್.

ಮಳೆ ಬಿದ್ದಾಗ ದಪ್ಪ ದೂಳಿನ ಕಣಗಳು ಹನಿಗೆ ಡಿಕ್ಕಿಯಾಗಿ ಸಲೀಸಾಗಿ ಕೆಳಗಿಳಿಯುತ್ತವೆ. ಒಂದು ಮೈಕ್ರಾನಿಗಿಂತ ಸಣ್ಣವು ಹಾಗಲ್ಲ. ಹನಿಯ ಸುತ್ತ ಸರಿಯುವ ಗಾಳಿಯ ಜೊತೆ ಅವೂ ಸರಿದುಕೊಂಡು ತಪ್ಪಿಸಿಕೊಳ್ಳುತ್ತವೆ. ಆದ್ದರಿಂದ ಮಳೆಯ ಮರುದಿನ ಕೆಂಪು ಮಾಯವಾಗಿ ದೂರದ ಬೆಟ್ಟ ಕಂಡರೂ ಹೊಗೆಯ ಕಣಗಳು ಪೂರ್ತಿ ಹೋಗಿವೆ ಎಂದಲ್ಲ. ಮಳೆಗಾಲದ ನಿಜವಾದ ಉಪಕಾರ ನೆಲವನ್ನು ತೇವವಾಗಿ ಇಡುವುದು. ನೆಲ ಹಸಿಯಿದ್ದಷ್ಟು ದಿನ ದೂಳು ಏಳುವುದೇ ಇಲ್ಲ.

ಆದರೆ ಆ ದೂಳು ಎಲ್ಲಿಗೆ ಹೋಯಿತು? ರಸ್ತೆಯ ಮೇಲೆ ಕೆಂಪು ರಾಡಿಯಾಗಿ, ಹಳ್ಳದಲ್ಲಿ ಹೂಳಾಗಿ ಅಲ್ಲೇ ಇದೆ. ನವೆಂಬರಿನಲ್ಲಿ ರಾಡಿ ಒಣಗಿ ಸಿಪ್ಪೆ ಏಳುತ್ತದೆ, ಚಕ್ರಕ್ಕೆ ಸಿಕ್ಕಿ ಪುಡಿಯಾಗುತ್ತದೆ. ಮುಂದಿನ ವರ್ಷದ ದೂಳಿನ ಮೊದಲ ಕಂತು ಈ ವರ್ಷದ ಕೆಸರು.

ಗಾಳಿಯ ದಿಕ್ಕು ತಿರುಗುವುದೂ ಆಗಲೇ. ಮುಂಗಾರಿನಲ್ಲಿ ಬೆಟ್ಟದ ಪೂರ್ವಕ್ಕಿರುವ ಹಳ್ಳಿಗಳಿಗೆ ಹೋಗುತ್ತಿದ್ದದ್ದು ಚಳಿಗಾಲದಲ್ಲಿ ಪಶ್ಚಿಮದವರ ಪಾಲಾಗುತ್ತದೆ. ತೋರಣಗಲ್ಲಿನ ಬಯಲಿನಲ್ಲಿರುವ ಉಕ್ಕಿನ ಕಾರ್ಖಾನೆಗಳ ಹೊಗೆಯೂ ಇದೇ ಪಂಚಾಂಗಕ್ಕೆ ಒಳಪಟ್ಟದ್ದು. ಒಂದು ಹಳ್ಳಿ ಜೂನ್‌ನಲ್ಲಿ ದೂರು ಕೊಟ್ಟರೆ ಅಧಿಕಾರಿಗಳು ಬಂದು ಪರಿಶೀಲಿಸುವ ಹೊತ್ತಿಗೆ ನವೆಂಬರ್ ಆಗಿರುತ್ತದೆ, ಗಾಳಿ ತಿರುಗಿರುತ್ತದೆ, ವರದಿಯಲ್ಲಿ ಎಲ್ಲವೂ ಮಿತಿಯೊಳಗಿರುತ್ತದೆ. ಇದರಲ್ಲಿ ಯಾರ ಕೈವಾಡವೂ ಬೇಕಿಲ್ಲ.

ಸರಾಸರಿಯ ಮರೆಯಲ್ಲಿ

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ಅರ್ಜಿ ಅದು. ಲಾರಿಗಳು ನಿಂತವು. ದೂಳು ಕೂತದ್ದನ್ನೂ ಕೂಲಿ ಹೋದದ್ದನ್ನೂ ಕಣಿವೆಯ ಜನ ಒಂದೇ ಉಸಿರಿನಲ್ಲಿ ನೆನೆಯುತ್ತಾರೆ, ಆ ಎರಡರಲ್ಲಿ ಒಂದನ್ನಷ್ಟೇ ಕೇಳಿಸಿಕೊಳ್ಳುವುದು ನಗರದವರ ಚಾಳಿ. 2013ರ ಏಪ್ರಿಲ್ ತೀರ್ಪಿನಲ್ಲಿ ಅತಿ ಹೆಚ್ಚು ಅಕ್ರಮ ಎಸಗಿದ 'ಸಿ' ವರ್ಗದ ಗಣಿ ಗುತ್ತಿಗೆಗಳು ರದ್ದಾದವು, ಉಳಿದವಕ್ಕೆ ಪುನಶ್ಚೇತನ ಯೋಜನೆಯ ಷರತ್ತು ಬಿತ್ತು. ರಾಜ್ಯದ ಮೂರು ಗಣಿ ಜಿಲ್ಲೆಗಳಿಗೆ ಸೇರಿ ವರ್ಷಕ್ಕೆ 3 ಕೋಟಿ ಟನ್ ಮಿತಿ ಹಾಕಲಾಯಿತು, ಅದರಲ್ಲಿ ಬಳ್ಳಾರಿಯ ಪಾಲು 2.5 ಕೋಟಿ. 2017ರಲ್ಲಿ ಅದು 2.8 ಕೋಟಿಯಾಯಿತು, 2022ರಲ್ಲಿ 3.5 ಕೋಟಿ.

ಈ ಮಿತಿಗಳೆಲ್ಲ ವರ್ಷದ ಲೆಕ್ಕ. ಕಣಿವೆಗೆ ವರ್ಷ ಎನ್ನುವುದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಜನವರಿಯ ಬೆಳಗು, ಏಪ್ರಿಲ್‌ನ ಸಂಜೆ. ಸೆಪ್ಟೆಂಬರ್‌ನಲ್ಲಿ ಸುಲಭವಾಗಿ ತಾಳಿಕೊಳ್ಳುವಷ್ಟು ದೂಳನ್ನು ಈ ನೆಲ ಜನವರಿಯಲ್ಲಿ ತಾಳಿಕೊಳ್ಳಲಾರದು.

ಅಳತೆಯ ಪದ್ಧತಿಯೂ ಇದನ್ನು ಕಾಣುವುದಿಲ್ಲ. ಹತ್ತು ಮೈಕ್ರಾನಿಗಿಂತ ಸಣ್ಣ ದೂಳಿಗೆ 2009ರ ರಾಷ್ಟ್ರೀಯ ಮಾನದಂಡ ಘನಮೀಟರಿಗೆ ದಿನದ ಸರಾಸರಿ 100 ಮೈಕ್ರೋಗ್ರಾಂ. ಬೆಳಗ್ಗೆ ಆರರಿಂದ ಒಂಬತ್ತರವರೆಗೆ 250, ಉಳಿದ ಇಪ್ಪತ್ತೊಂದು ಗಂಟೆ 70 ಇದೆ ಎಂದು ಇಟ್ಟುಕೊಳ್ಳಿ. ದಿನದ ಸರಾಸರಿ 92.5. ಊರು ಪಾಸು. ಶಾಲೆಗೆ ಹೊರಟ ಮಗು, ಹೊಲಕ್ಕೆ ಹೊರಟ ಹೆಂಗಸು, ಪಾಳಿ ಮುಗಿಸಿ ಬರುವ ಗಣಿ ಕಾರ್ಮಿಕ ಎಲ್ಲರೂ ಬೀದಿಯಲ್ಲಿರುವುದು ಆ ಮೂರು ಗಂಟೆಯಲ್ಲೇ. ಕೈಯಿಂದ ಮಾದರಿ ತೆಗೆಯುವ ಕೇಂದ್ರಗಳಲ್ಲಿ ವಾರಕ್ಕೆ ಎರಡು ದಿನ, ವರ್ಷಕ್ಕೆ 104 ದಿನ ಅಳೆದರೆ ನಿಯಮ ಪೂರೈಸಿದಂತೆ. ಗಂಟೆಗಂಟೆಗೆ ಅಳೆಯುವ ಸ್ವಯಂಚಾಲಿತ ಯಂತ್ರಗಳು ದೇಶದಲ್ಲಿ ಬಹುಪಾಲು ನಗರಗಳಲ್ಲಿವೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಇರುವುದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ಚಿಕ್ಕ ಊರಿನ ಗಾಳಿ ಒಳ್ಳೆಯದೇ ಇರುತ್ತದೆ ಎಂಬ ಹಳೆಯ ನಂಬಿಕೆಗೆ ಈ ಪಟ್ಟಿಯೂ ಸಹಿ ಹಾಕಿದ ಹಾಗಿದೆ.

ಪರಿಸರ ಅನುಮತಿಯ ಕಾಗದಗಳಲ್ಲಿ ಇನ್ನೊಂದು ವಿಚಿತ್ರ. ಗಣಿ ಯೋಜನೆಗಳ ಪರಿಣಾಮ ಅಧ್ಯಯನಕ್ಕೆ ಮಳೆಗಾಲ ಬಿಟ್ಟು ಯಾವುದಾದರೂ ಒಂದು ಋತುವಿನ ಗಾಳಿಯ ಅಂಕಿಅಂಶ ಸಾಕು. ಮಾರ್ಚ್–ಮೇ ಆಗಬಹುದು, ಅಕ್ಟೋಬರ್–ಡಿಸೆಂಬರ್ ಆಗಬಹುದು, ಡಿಸೆಂಬರ್–ಫೆಬ್ರುವರಿ ಆಗಬಹುದು. ಬಯಲು ಸೀಮೆಯಲ್ಲಿ ಇದು ನಡೆದೀತು. ಒಂದೇ ಜಾಗ ಮೂರು ಋತುವಿನಲ್ಲಿ ಮೂರು ರೀತಿ ವರ್ತಿಸುವ ಕಣಿವೆಯಲ್ಲಿ ಒಂದು ಋತುವಿನ ಅಳತೆಯಿಂದ ಇಡೀ ವರ್ಷಕ್ಕೆ ಅನುಮತಿ ಕೊಡುವುದು ಯಾವ ನ್ಯಾಯ? ಜಾಣ ಸಲಹೆಗಾರನಿಗೆ ಯಾವ ಋತು ಆರಿಸಬೇಕೆಂದು ಗೊತ್ತಿರುತ್ತದೆ. ಆತ ನಿಯಮ ಮುರಿಯಬೇಕಾಗಿಯೂ ಇಲ್ಲ.

2024ರಲ್ಲಿ ದೇವದಾರಿ ಬೆಟ್ಟದ ಗಣಿ ಯೋಜನೆಯ ಬಗ್ಗೆ ಕೇಂದ್ರ ಮತ್ತು ರಾಜ್ಯದ ಮಂತ್ರಿಗಳ ನಡುವೆ ಜಟಾಪಟಿ ನಡೆದಾಗ ಚರ್ಚೆಯೆಲ್ಲ ಸುಮಾರು 400 ಹೆಕ್ಟೇರ್ ಕಾಡು, ಅದರ ಮರಗಳ ಸಂಖ್ಯೆಯ ಸುತ್ತ ತಿರುಗಿತು. ಮರ ಎಣಿಸಬೇಕು, ಸರಿ. ಆದರೆ ಇಳಿಜಾರಿನ ಮರಗಳು ದೂಳನ್ನು ಎಲೆಯಲ್ಲಿ ಹಿಡಿದಿಡುವುದಷ್ಟೇ ಅಲ್ಲ, ಇಳಿಜಾರಿನ ಮಣ್ಣು ಕೆಸರಾಗಿ ಕಣಿವೆಗೆ ಬರುವುದನ್ನೂ ತಡೆಯುತ್ತವೆ, ರಾತ್ರಿ ಕೆಳಗಿಳಿಯುವ ತಣ್ಣನೆ ಗಾಳಿಯ ಹಾದಿಯಲ್ಲೂ ನಿಂತಿರುತ್ತವೆ. ಆ ಲೆಕ್ಕವನ್ನು ಯಾವ ಪಕ್ಷದವರೂ ಎತ್ತಲಿಲ್ಲ.

ಆಗಿರುವ ಒಳ್ಳೆಯದನ್ನೂ ಹೇಳಬೇಕು. ಅದಿರನ್ನು ಲಾರಿಯಿಂದ ರೈಲಿಗೆ, ಮುಚ್ಚಿದ ಕನ್ವೇಯರಿಗೆ ವರ್ಗಾಯಿಸಬೇಕೆಂಬ ಒತ್ತಾಯ ಕೋರ್ಟಿನ ಕಡೆಯಿಂದಲೇ ಬಂತು. ಗಣಿ ಸೀಮೆಯಿಂದ ತೋರಣಗಲ್ಲಿಗೆ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಉದ್ದದ ಕೊಳವೆ ಕನ್ವೇಯರ್ ಬಂದಿದೆ. ಅದರಲ್ಲಿ ಹೋಗುವ ಪ್ರತಿ ಟನ್ನೂ ಡಾಂಬರಿನ ಮೇಲೆ ಅರೆಯದೆ ಉಳಿದ ಟನ್. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಕೂಡಿಟ್ಟ ಹಣ ಸಾವಿರಾರು ಕೋಟಿ ಇದೆ. ರಸ್ತೆ, ರೈಲು, ಆಸ್ಪತ್ರೆ ಎಂದು ಪಟ್ಟಿಗಳು ತಯಾರಾಗುತ್ತಲೇ ಇವೆ.

ಅಷ್ಟು ಹಣ ಬೇಡದ ಕೆಲಸಗಳೂ ಇವೆ. ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಐದರಿಂದ ಒಂಬತ್ತೂವರೆಯವರೆಗೆ ಊರೊಳಗಿನ ರಸ್ತೆಯಲ್ಲಿ ಅದಿರು ಲಾರಿ ಬಿಡದಿರುವುದಕ್ಕೆ ಒಂದು ಆದೇಶ ಸಾಕು. ಗಣಿಗಳ ಗೇಟಿನಲ್ಲಿ ಚಕ್ರ ತೊಳೆದೇ ಲಾರಿ ಬಿಡುವುದನ್ನು ಹಿಂಗಾರು ಮುಗಿಯುವ ವಾರಗಳಲ್ಲಿ ಬಿಗಿ ಮಾಡಿದರೆ ರಸ್ತೆಯ ಮೇಲಿನ ಕೆಸರು ಪುಡಿಯಾಗುವ ಮೊದಲೇ ಅರ್ಧಕ್ಕಿಳಿದೀತು. ನೀರೊಲೆಯ ಬದಲು ಸೋಲಾರ್ ಹೀಟರ್ ಎಂದರೆ ಜನ ನಗಬಹುದು, ಆದರೆ ಬಿಸಿಲು ಇಲ್ಲಿ ಧಾರಾಳ, ಮತ್ತು ಆ ಹಣಕ್ಕೆ ಇದಕ್ಕಿಂತ ನೇರವಾದ ಉಪಯೋಗ ನನಗೆ ತೋಚುತ್ತಿಲ್ಲ.

ಇನ್ನೊಂದು, ಕಾಸೂ ಬೇಡದ್ದು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಶನಿವಾರ ಬೆಳಗಿನ ತರಗತಿ. ಎಂಟು ಗಂಟೆಯ ಆಸುಪಾಸಿಗೆ ಮಕ್ಕಳು ಮೈದಾನದಲ್ಲಿ ಸಾಲಾಗಿ ನಿಂತು ಸಾಮೂಹಿಕ ಕವಾಯತು ಮಾಡುತ್ತಾರೆ, ಜೋರಾಗಿ ಉಸಿರೆಳೆದು ಬಿಡುತ್ತಾರೆ. ಕಣಿವೆಯ ಶಾಲೆಗಳು ಡಿಸೆಂಬರಿನಿಂದ ಫೆಬ್ರುವರಿ ಮಧ್ಯದವರೆಗೆ ಮೊದಲು ಪಾಠ ಮುಗಿಸಿ, ಕವಾಯತನ್ನು ಹತ್ತೂವರೆಗೆ ಇಟ್ಟುಕೊಳ್ಳಬಹುದು.